ನೆಲ ಬಿಡದ ವಿಮಾನ

ಹೊಸ ಹೋರಿಗೆ ಮೊದಲ ದಿನವೇ ಕಬ್ಬು ತುಂಬಿದ ಗಾಡಿ ಕಟ್ಟುವ ರೈತ ನಮ್ಮ ಚಿಕ್ಕರಸಿನಕೆರೆ ಸೀಮೆಯಲ್ಲಿ ಸಿಕ್ಕಲಾರ. ಮೊದಲು ಹೋರಿಯ ಹೆಗಲಿಗೆ ನೊಗ ರೂಢಿಯಾಗಬೇಕು. ಪಕ್ಕಕ್ಕೆ ಪಳಗಿದ ಎತ್ತೊಂದನ್ನು ಜೋಡಿ ಮಾಡಿ, ಹಿಂದೆ ಮರದ ಕೊರಡು ಕಟ್ಟಿ, ಖಾಲಿ ಹೊಲದಲ್ಲಿ ಓಡಾಡಿಸುತ್ತಾರೆ. ಹೋರಿ ಬೆದರಿದರೂ ಅಡ್ಡ ತಿರುಗಿದರೂ ಅಲ್ಲಿ ಯಾರ ಗಂಟೇನೂ ಹೋಗುವುದಿಲ್ಲ. ಅದೇ ಹೋರಿ ತುಂಬಿದ ಗಾಡಿಯೊಂದಿಗೆ ನಾಲೆಯ ಏರಿಯ ಮೇಲೆ ಬೆದರಿದರೆ ಗಾಡಿ, ಎತ್ತು, ಮನುಷ್ಯ ಮೂವರೂ ನೀರಿಗೆ. ತಪ್ಪು ಮಾಡಲು ಮೊದಲು ಒಂದು ಸುರಕ್ಷಿತವಾದ ಜಾಗ ಕೊಡು, ಆಮೇಲೆ ಭಾರ ಹೊರಿಸು ಎನ್ನುವುದೇ ಇದರ ಹಿಂದಿನ ವಿವೇಕ.

ಸೈನ್ಯದವರು ಇಂದು ಇದೇ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸುತ್ತಿದ್ದಾರೆ. ನೆಲ ಬಿಡದ ವಿಮಾನ, ಗುಂಡು ಹಾರದ ಬಂದೂಕು, ಶತ್ರುವಿಲ್ಲದ ರಣರಂಗ ಇವನ್ನೆಲ್ಲ ಸೃಷ್ಟಿಸಿ ತರಬೇತಿ ಕೊಡುತ್ತಾರೆ. ಇಂಥ ಅಣಕು ಯಂತ್ರಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಇದರ ಸುದ್ದಿ ಕೇಳಿದ ಹುಡುಗರು ಮನೆಯಲ್ಲಿ ಹೊಸ ವಾದ ಹೂಡುತ್ತಿದ್ದಾರೆ: ‘ಅಪ್ಪಾ, ಸೈನ್ಯದವರೇ ಗೇಮ್ ಆಡಿ ಕಲಿಯುತ್ತಾರಂತೆ. ನಾನು ಮೊಬೈಲಿನಲ್ಲಿ ಆಡಿದರೆ ಏನು ತಪ್ಪು?’ ಪ್ರಶ್ನೆ ಸಣ್ಣದಲ್ಲ. ಉತ್ತರ ಹೇಳಬೇಕಾದರೆ ಸಿಮ್ಯುಲೇಟರಿನ ಹೊಟ್ಟೆಯೊಳಗೆ ಏನಿದೆ ಎಂದು ನೋಡಬೇಕು.

ಯುದ್ಧವನ್ನು ಮೇಜಿನ ಮೇಲೆ ಆಡಿ ಕಲಿಯುವುದು ಹಳೆಯ ಪದ್ಧತಿ. ಆನೆ, ಕುದುರೆ, ರಥ, ಕಾಲಾಳುಗಳ ನಮ್ಮ ಚದುರಂಗವೇ ಅದಕ್ಕೆ ಸಾಕ್ಷಿ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ಎಂಬಾತ ಭೂಪಟದ ಮೇಲೆ ಸಣ್ಣ ತುಂಡುಗಳನ್ನು ನಡೆಸಿ, ದಾಳ ಉರುಳಿಸಿ ಆಡುವ ಯುದ್ಧದಾಟವನ್ನು ತನ್ನ ಸೈನ್ಯಕ್ಕೆ ಕೊಟ್ಟ. ದಾಳ ಏಕೆ ಗೊತ್ತೆ? ಯುದ್ಧದಲ್ಲಿ ಎಲ್ಲವೂ ಎಣಿಸಿದಂತೆ ನಡೆಯುವುದಿಲ್ಲ ಎಂಬುದನ್ನು ನೆನಪಿಸಲು.

ಯಂತ್ರದ ಸಿಮ್ಯುಲೇಟರ್ ಹುಟ್ಟಿದ್ದು ಸಂಗೀತದ ಮನೆಯಲ್ಲಿ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಪಿಯಾನೋ ಮತ್ತು ಆರ್ಗನ್ ತಯಾರಿಸುವವರ ಮಗ ಎಡ್ವಿನ್ ಲಿಂಕ್. ಆರ್ಗನ್ ವಾದ್ಯದ ತಿದಿಗಳನ್ನೇ ಬಳಸಿ, ಎಡಕ್ಕೆ ಬಲಕ್ಕೆ ವಾಲುವ, ಮೂತಿ ಎತ್ತಿ ಇಳಿಸುವ ಒಂದು ಪುಟ್ಟ ವಿಮಾನವನ್ನು ಆತ 1929ರಲ್ಲಿ ಕಟ್ಟಿದ. ಮೊದಮೊದಲು ಅದನ್ನು ಕೊಂಡವರು ಜಾತ್ರೆಯಂಥ ಮನರಂಜನಾ ಉದ್ಯಾನದವರು! 1934ರಲ್ಲಿ ಅಮೆರಿಕದ ಸೈನ್ಯಕ್ಕೆ ವಿಮಾನದಲ್ಲಿ ಟಪಾಲು ಒಯ್ಯುವ ಕೆಲಸ ಬಿತ್ತು. ಮಂಜಿನಲ್ಲಿ, ರಾತ್ರಿಯಲ್ಲಿ, ಬರೀ ಮೀಟರುಗಳನ್ನು ನೋಡಿ ಹಾರಿಸುವ ಅಭ್ಯಾಸವಿಲ್ಲದ ವೈಮಾನಿಕರು ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಗ ಸೈನ್ಯ ಲಿಂಕ್‌ನ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಂಥ ಹತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ತಯಾರಾಗಿ, ಲಕ್ಷಗಟ್ಟಲೆ ಜನ ಅವುಗಳಲ್ಲಿ ಕುಳಿತು ಕಲಿತರು.

ಇಂಥ ತರಬೇತಿಯನ್ನು ನೋಡಲು ನಾವು ಅಮೆರಿಕದ ತನಕ ಹೋಗಬೇಕಾಗಿಲ್ಲ. ಬೀದರಿನ ವಾಯುನೆಲೆ ಇದೆ. ಬಹುಕಾಲ ನಮ್ಮ ವಾಯುಪಡೆಯ ಎಳೆಯ ವೈಮಾನಿಕರು ನಿಧಾನದ ತರಬೇತಿ ವಿಮಾನದಿಂದ ಇಳಿದವರೇ ಅತಿವೇಗದ ಮಿಗ್-21 ಏರಬೇಕಾಗಿತ್ತು. ಮಧ್ಯದ ಮೆಟ್ಟಿಲು ಇರಲಿಲ್ಲ. ಎಷ್ಟೋ ಮನೆಗಳು ಅದಕ್ಕೆ ಬೆಲೆ ತೆತ್ತವು. 2008ರಲ್ಲಿ ಹಾಕ್ ತರಬೇತಿ ವಿಮಾನಗಳು ಬೀದರಿಗೆ ಬಂದ ಮೇಲೆ ಆ ಮೆಟ್ಟಿಲು ಸಿಕ್ಕಿತು. ಮಿಗ್-21 ವಿಮಾನ 2025ರ ಸೆಪ್ಟೆಂಬರಿನಲ್ಲಿ ವಾಯುಪಡೆಯಿಂದ ನಿವೃತ್ತವಾಯಿತು. ಸಿಮ್ಯುಲೇಟರ್ ಎಂಬುದು ಅಂಥ ಮೆಟ್ಟಿಲುಗಳಿಗೂ ಕೆಳಗಿನ ಮೆಟ್ಟಿಲು.

ನಮ್ಮೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಎಚ್‌ಎಎಲ್ ಸಂಸ್ಥೆ ಕೆನಡಾದ ಸಿಎಇ ಕಂಪನಿಯೊಡನೆ ಸೇರಿ 2010ರಲ್ಲಿ ಒಂದು ಹೆಲಿಕಾಪ್ಟರ್ ಸಿಮ್ಯುಲೇಟರ್ ಶಾಲೆ ತೆರೆಯಿತು. ‘ಹ್ಯಾಟ್ಸಾಫ್’ ಎಂದು ಅದರ ಹೆಸರು. ನಮ್ಮದೇ ಧ್ರುವ ಹೆಲಿಕಾಪ್ಟರಿನ ಚಾಲಕರ ಕೋಣೆಯೂ ಅಲ್ಲಿದೆ. ಆ ಕೋಣೆ ಇರುವುದು ಆರು ಉದ್ದ ಕಾಲುಗಳ ಮೇಲೆ. ಕಾಲುಗಳು ಉದ್ದವಾಗಿ ಗಿಡ್ಡವಾಗಿ ಅದನ್ನು ಕುಲುಕುತ್ತವೆ, ವಾಲಿಸುತ್ತವೆ. ಕಿಟಕಿಯಾಚೆ ಕಾಣುವ ಬೆಟ್ಟ, ಮೋಡ, ಮಳೆ ಎಲ್ಲ ಕಂಪ್ಯೂಟರ್ ಬರೆದ ಚಿತ್ರ.

ಇಲ್ಲೊಂದು ಭೌತಶಾಸ್ತ್ರದ ಕೌತುಕವಿದೆ. ವಿದ್ಯಾರ್ಥಿಗಳು ಗಮನಿಸಬೇಕು. ಓಡುದಾರಿಯ ಮೇಲೆ ವಿಮಾನ ವೇಗ ಪಡೆಯುವಾಗ ಬೆನ್ನು ಕುರ್ಚಿಗೆ ಒತ್ತಿಕೊಳ್ಳುತ್ತದೆ. ಸಿಮ್ಯುಲೇಟರ್ ಮುಂದಕ್ಕೆ ಓಡುವುದೇ ಇಲ್ಲ, ಇನ್ನು ಬೆನ್ನು ಒತ್ತುವುದು ಹೇಗೆ? ಕೋಣೆಯನ್ನು ಮೆಲ್ಲಗೆ ಹಿಂದಕ್ಕೆ ವಾಲಿಸುತ್ತಾರೆ. ಆಗ ಭೂಮಿಯ ಸೆಳೆತದ ಒಂದು ಪಾಲು ಬೆನ್ನಿನ ಕಡೆಗೆ ಬೀಳುತ್ತದೆ. 17 ಡಿಗ್ರಿ ವಾಲಿಸಿದರೆ ಆ ಪಾಲು ಸೈನ್ 17, ಅಂದರೆ ಗುರುತ್ವದ ಹತ್ತರಲ್ಲಿ ಸುಮಾರು ಮೂರು ಭಾಗ. ನಮ್ಮ ಒಳಕಿವಿಯಲ್ಲಿ ಸುಣ್ಣದ ಅಂಶದ ಅತಿ ಸಣ್ಣ ಹರಳುಗಳಿವೆ. ಅವು ಹಿಂದಕ್ಕೆ ಜಾರಿದರೆ ‘ವೇಗ ಹೆಚ್ಚುತ್ತಿದೆ’ ಎಂದು ಮೆದುಳಿಗೆ ಸುದ್ದಿ. ಜಾರಿದ್ದು ವೇಗೋತ್ಕರ್ಷದಿಂದಲೋ ಓರೆಯಿಂದಲೋ ಎಂದು ಗುರುತಿಸುವ ಶಕ್ತಿ ಹರಳುಗಳಿಗಿಲ್ಲ. ಎದುರಿಗಿನ ಚಿತ್ರದಲ್ಲಿ ಓಡುದಾರಿ ಹಿಂದಕ್ಕೆ ಓಡುತ್ತಿದ್ದರೆ ಮೆದುಳು ಪೂರ್ತಿ ನಂಬಿಬಿಡುತ್ತದೆ. ಗುರುತ್ವವನ್ನೂ ವೇಗೋತ್ಕರ್ಷವನ್ನೂ ಹೀಗೆ ಬೇರ್ಪಡಿಸಲಾಗದು ಎಂಬ ಮಾತಿನಿಂದಲೇ ಐನ್‌ಸ್ಟೈನ್ ತಮ್ಮ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ದಾರಿ ಹಿಡಿದರು.

ಕಣ್ಣು ಒಂದು ಹೇಳಿ ಒಳಕಿವಿ ಇನ್ನೊಂದು ಹೇಳಿದರೆ ಆಗುವುದು ಹೊಟ್ಟೆ ತೊಳಸು. ಘಟ್ಟದ ತಿರುವಿನಲ್ಲಿ ಬಸ್ಸಿನೊಳಗೆ ಪುಸ್ತಕ ಓದುವ ಮಗು ವಾಂತಿ ಮಾಡುವುದು ಇದರಿಂದಲೇ. ಕಣ್ಣಿಗೆ ಪೆಟ್ಟಿಗೆಯಂಥ ಕನ್ನಡಕ ಕಟ್ಟಿಕೊಂಡು ಮಾಯಾಲೋಕ ನೋಡುವವರಿಗೂ ಅದೇ ಬಾಧೆ. ಹಿಡಿ ತಿರುಗಿಸಿದ ಮೇಲೆ ಚಿತ್ರ ತಿರುಗಲು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ತಡವಾದರೆ ನುರಿತ ವೈಮಾನಿಕನಿಗೆ ಅದು ತಿಳಿಯತೊಡಗುತ್ತದೆ.

ಆದರೆ ಓರೆ ಮಾಡುವ ಉಪಾಯಕ್ಕೂ ಒಂದು ಮಿತಿ ಇದೆ. ಯುದ್ಧವಿಮಾನ ಗಕ್ಕನೆ ತಿರುಗುವಾಗ ದೇಹದ ತೂಕ ಒಂಬತ್ತು ಪಟ್ಟು ಆಗಬಹುದು. ಇದನ್ನು 9 ಜಿ ಎನ್ನುತ್ತಾರೆ. ಐದು ಕಿಲೋ ತೂಗುವ ತಲೆ ಆಗ 45 ಕಿಲೋ! ಹೃದಯದಿಂದ ಕಣ್ಣಿನವರೆಗಿನ ಎತ್ತರ ಸುಮಾರು 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅಷ್ಟು ಎತ್ತರಕ್ಕೆ ರಕ್ತ ಏರಿಸಲು ಸಾಮಾನ್ಯ ಸ್ಥಿತಿಯಲ್ಲಿ ಪಾದರಸದ 23 ಮಿಲಿಮೀಟರ್ ಒತ್ತಡ ಸಾಕು. 5 ಜಿ ಆದಾಗ 115 ಬೇಕು. ಹೃದಯದ ಮೇಲಿನ ಒತ್ತಡವೇ ಸುಮಾರು 120. ಅಂದರೆ ಅಲ್ಲಿಗೇ ಕಣ್ಣು ಕತ್ತಲೆಗಟ್ಟುತ್ತದೆ, ಪ್ರಜ್ಞೆ ತಪ್ಪುವ ಹಂತ. ಕಾಲು ಹೊಟ್ಟೆಗಳ ಸ್ನಾಯು ಬಿಗಿದು, ಬಿಗಿಹಿಡಿದ ಉಸಿರಾಟ ಮಾಡಿ, ಕಾಲನ್ನು ಒತ್ತುವ ವಿಶೇಷ ಉಡುಪು ತೊಟ್ಟು ವೈಮಾನಿಕ ಅದನ್ನು ತಡೆದುಕೊಳ್ಳಬೇಕು. ಇದನ್ನು ಆಕಾಶದಲ್ಲಿ ಮೊದಲ ಬಾರಿ ಕಲಿಯಹೊರಟರೆ ಎರಡನೆಯ ಬಾರಿ ಇರುವುದಿಲ್ಲ.

ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದನ್ನು ನೆಲದ ಮೇಲೆ ಕಲಿಸುತ್ತದೆ. ಉದ್ದ ತೋಳಿನ ತುದಿಯ ಕೋಣೆಯಲ್ಲಿ ವೈಮಾನಿಕನನ್ನು ಕೂರಿಸಿ ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಅಲ್ಲಿದೆ. ತಂಬಿಗೆಗೆ ಹಗ್ಗ ಕಟ್ಟಿ ತಿರುಗಿಸಿದರೆ ನೀರು ಚೆಲ್ಲದಲ್ಲ, ಅದೇ ತತ್ತ್ವ. ತೋಳು 8 ಮೀಟರ್ ಇದ್ದರೆ 9 ಜಿ ಪಡೆಯಲು ನಿಮಿಷಕ್ಕೆ ಸುಮಾರು 32 ಸುತ್ತು ಸಾಕು. ಪಿಯುಸಿ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮ, ಅವರ ಜೊತೆ ಮೀಸಲು ಯಾನಿಯಾಗಿದ್ದ ರವೀಶ್ ಮಲ್ಹೋತ್ರಾ, ಈಚಿನ ಗಗನಯಾನದ ಯಾನಿಗಳು ಎಲ್ಲರೂ ಈ ಸಂಸ್ಥೆಯ ಪರೀಕ್ಷೆಗಳನ್ನು ದಾಟಿಯೇ ಮುಂದೆ ಹೋದವರು.

ಇನ್ನು ಸಿಮ್ಯುಲೇಟರಿನ ಮೆದುಳಿನ ವಿಷಯ. 2001ರ ಜನವರಿ 4ರಂದು ನಮ್ಮ ಹಗುರ ಯುದ್ಧವಿಮಾನ ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಇದಕ್ಕೆ ತೇಜಸ್ ಎಂಬ ಹೆಸರು ಬಂದದ್ದು ಆಮೇಲೆ. ಹಾರಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್. ಈ ವಿಮಾನ ಸ್ವಭಾವತಃ ಅಸ್ಥಿರ. ಅಂಗೈ ಮೇಲೆ ಕೋಲು ನಿಲ್ಲಿಸಿದಂತೆ, ಕಂಪ್ಯೂಟರ್ ಕ್ಷಣಕ್ಷಣವೂ ಸರಿದೂಗಿಸದಿದ್ದರೆ ಅದು ಗಾಳಿಯಲ್ಲಿ ನಿಲ್ಲದು. ಇಂಥದನ್ನು ಒಮ್ಮೆಗೇ ಹಾರಿಸಿ ನೋಡೋಣ ಎನ್ನುವ ಹಾಗಿರಲಿಲ್ಲ. ಬೆಂಗಳೂರಿನ ಎಡಿಇ ಎಂಬ ರಕ್ಷಣಾ ಪ್ರಯೋಗಾಲಯದ ಸಿಮ್ಯುಲೇಟರಿನಲ್ಲಿ ಪರೀಕ್ಷಾ ವೈಮಾನಿಕರು ಅದನ್ನು ಮೊದಲೇ ಮತ್ತೆ ಮತ್ತೆ ‘ಹಾರಿಸಿ’ದ್ದರು. ನಿಜವಾದ ಮೊದಲ ಹಾರಾಟದ ಹೊತ್ತಿಗೆ ವೈಮಾನಿಕನಿಗೆ ವಿಮಾನ ಹಳೆಯ ಪರಿಚಯವಾಗಿತ್ತು.

ಹಾರದ ವಿಮಾನ ಹೇಗೆ ಹಾರೀತೆಂದು ಕಂಪ್ಯೂಟರಿಗೆ ಹೇಗೆ ಗೊತ್ತು? ಅದಕ್ಕೆ ತಿಳಿದಿರುವುದು ನ್ಯೂಟನ್ನನ ನಿಯಮ ಮತ್ತು ಕೂಡುವ ಲೆಕ್ಕ. ಕಾಗದ ಪೆನ್ಸಿಲು ತೆಗೆದುಕೊಳ್ಳಿ, ನಾವೇ ಒಂದು ಸಿಮ್ಯುಲೇಟರ್ ಮಾಡೋಣ. ಮೇಲಿನಿಂದ ಕಲ್ಲು ಬಿಟ್ಟಿದ್ದೇವೆ. ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಳ್ಳೋಣ. ಒಂದು ಸೆಕೆಂಡಿನಲ್ಲಿ ಅದು ಬೀಳುವ ದೂರ ಸೂತ್ರದ ಪ್ರಕಾರ 5 ಮೀಟರ್. ಈಗ ಸೂತ್ರ ಮರೆತು ಅರ್ಧರ್ಧ ಸೆಕೆಂಡಿನ ಹೆಜ್ಜೆ ಹಾಕೋಣ. ಪ್ರತಿ ಹೆಜ್ಜೆಯಲ್ಲಿ ವೇಗ ಹೆಚ್ಚಿಸಿ, ಆ ವೇಗವನ್ನು ಕಾಲದಿಂದ ಗುಣಿಸಿ, ದೂರಕ್ಕೆ ಕೂಡಿಸಬೇಕು. ಮೊದಲ ಹೆಜ್ಜೆಯಲ್ಲಿ ವೇಗ 5, ದೂರ 2.5. ಎರಡನೆಯದರಲ್ಲಿ ವೇಗ 10, ಹೊಸ ದೂರ 5. ಒಟ್ಟು 7.5 ಮೀಟರ್. ತಪ್ಪಾಯಿತು! ಹೆಜ್ಜೆಯನ್ನು 0.1 ಸೆಕೆಂಡಿಗೆ ಇಳಿಸಿದರೆ ಉತ್ತರ 5.5. ಹೆಜ್ಜೆ 0.01 ಸೆಕೆಂಡಾದರೆ 5.05. ಹೆಜ್ಜೆ ಚಿಕ್ಕದಾದಷ್ಟೂ ಸತ್ಯ ಹತ್ತಿರವಾಗುತ್ತದೆ, ಲೆಕ್ಕ ಹೆಚ್ಚುತ್ತದೆ. ಸಿಮ್ಯುಲೇಟರಿಗೆ ವೇಗದ ಕಂಪ್ಯೂಟರ್ ಬೇಕಾಗುವುದು ಇದಕ್ಕೇ.

ಕಲ್ಲಿಗೆ ಗುರುತ್ವ ಒಂದೇ ಬಲ. ವಿಮಾನಕ್ಕೆ ರೆಕ್ಕೆಯ ಎತ್ತುವಿಕೆ, ಗಾಳಿಯ ತಡೆ, ಎಂಜಿನ್ನಿನ ನೂಕು ಎಲ್ಲ ಉಂಟು. ರೆಕ್ಕೆ ಎಷ್ಟು ಡಿಗ್ರಿ ವಾಲಿದರೆ ಗಾಳಿ ಎಷ್ಟು ಎತ್ತುತ್ತದೆ ಎಂಬ ಅಂಕಿಗಳನ್ನು ಯಾರಾದರೂ ಅಳೆದು ಕೊಡಬೇಕು. ವಿಮಾನದ ಪುಟ್ಟ ಮಾದರಿ ಮಾಡಿ, ಗಾಳಿಸುರಂಗದಲ್ಲಿ ನಿಲ್ಲಿಸಿ, ಒಂದೊಂದು ಕೋನಕ್ಕೂ ಅಳತೆ ತೆಗೆಯುತ್ತಾರೆ. ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯಲ್ಲಿ ಶಬ್ದದ ವೇಗಕ್ಕಿಂತ ಹೆಚ್ಚಿನ ಗಾಳಿ ಬೀಸುವ ಸುರಂಗ 1960ರ ದಶಕದಿಂದ ಈ ಕೆಲಸ ಮಾಡುತ್ತಿದೆ. ವಿಮಾನ ಹಾರತೊಡಗಿದ ಮೇಲೆ ನಿಜವಾದ ಹಾರಾಟದ ಅಳತೆಗಳನ್ನು ತಂದು ಹಳೆಯ ಅಂಕಿಗಳನ್ನು ತಿದ್ದುತ್ತಾರೆ. ಸಿಮ್ಯುಲೇಟರಿನ ಜೀವ ಇರುವುದು ಥಳಥಳಿಸುವ ಚಿತ್ರದಲ್ಲಲ್ಲ, ಈ ಅಳತೆಯ ಪಟ್ಟಿಗಳಲ್ಲಿ.

ಪಟ್ಟಿಗೆ ಸುಳ್ಳು ಸೇರಿದರೆ? ಯಂತ್ರ ಆ ಸುಳ್ಳನ್ನೇ ನಿಷ್ಠೆಯಿಂದ ಕಲಿಸುತ್ತದೆ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ವಿಮಾನವೊಂದು ಬಿದ್ದು 265 ಜನ ಸತ್ತರು. ಮುಂದೆ ಹೋದ ವಿಮಾನದ ಗಾಳಿಸುಳಿಗೆ ಸಿಕ್ಕಾಗ ಸಹಚಾಲಕ ಬಾಲದ ಚುಕ್ಕಾಣಿಯನ್ನು ಬೇಕಾದ್ದಕ್ಕಿಂತ ಬಲವಾಗಿ ಅತ್ತಿತ್ತ ತಿರುಗಿಸಿದ್ದ. ಬಾಲದ ಫಲಕವೇ ಕಳಚಿತು. ತನಿಖೆ ಮಾಡಿದವರು ಚುಕ್ಕಾಣಿಯ ವಿನ್ಯಾಸದ ಜೊತೆಗೆ ತರಬೇತಿಯ ಕೆಲವು ಅಂಶಗಳನ್ನೂ ಕಾರಣವಾಗಿ ಎಣಿಸಿದರು. ಗಾಳಿಸುಳಿಯ ಪರಿಣಾಮವನ್ನು ಇದ್ದುದಕ್ಕಿಂತ ದೊಡ್ಡದಾಗಿ ತೋರಿಸುವ ಸಿಮ್ಯುಲೇಟರ್ ಅಭ್ಯಾಸ ಅದರಲ್ಲೊಂದು. ಅದು ಪ್ರಯಾಣಿಕರ ವಿಮಾನ, ಸೈನ್ಯದ್ದಲ್ಲ. ಆದರೆ ಪಾಠ ಇಬ್ಬರಿಗೂ ಒಂದೇ. ಉತ್ಪ್ರೇಕ್ಷೆ ಕಲಿತ ಕೈ ನಿಜದಲ್ಲೂ ಉತ್ಪ್ರೇಕ್ಷೆಯನ್ನೇ ಮಾಡುತ್ತದೆ.

ನೆಲದ ಸೈನಿಕರಿಗೂ ಇಂಥ ಲೋಕಗಳಿವೆ. ದೂರದೂರದ ಊರುಗಳಲ್ಲಿ ಕುಳಿತ ಟ್ಯಾಂಕ್ ತಂಡಗಳನ್ನು ಒಂದೇ ಅಣಕು ರಣರಂಗದಲ್ಲಿ ಸೇರಿಸುವ ಸಿಮ್‌ನೆಟ್ ಎಂಬ ಜಾಲವನ್ನು ಅಮೆರಿಕ 1980ರ ದಶಕದಲ್ಲಿ ಕಟ್ಟಿತು. 1991ರ ಫೆಬ್ರವರಿ 26ರಂದು ಇರಾಕಿನ ಮರಳುಗಾಡಿನಲ್ಲಿ ನಡೆದ ಟ್ಯಾಂಕ್ ಕಾಳಗವೊಂದನ್ನು ಆಮೇಲೆ ಅದರೊಳಗೆ ಮರುಸೃಷ್ಟಿಸಿದರು. ಅದಕ್ಕಾಗಿ ಕಾಳಗ ನಡೆದ ಜಾಗಕ್ಕೆ ಹೋಗಿ ಟ್ಯಾಂಕುಗಳ ಜಾಡು ಅಳೆದು, ಹೋರಾಡಿದವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡರು. ನಮ್ಮಲ್ಲೂ 2021ರಲ್ಲಿ ರಕ್ಷಣಾ ಸಚಿವಾಲಯ ಮೂರೂ ಪಡೆಗಳಲ್ಲಿ ಸಿಮ್ಯುಲೇಟರ್ ಬಳಕೆ ಹೆಚ್ಚಿಸುವ ನೀತಿ ಪ್ರಕಟಿಸಿತು. ಎನ್‌ಸಿಸಿ ಮಕ್ಕಳಿಗೂ ಇದು ಮುಟ್ಟುತ್ತಿದೆ. ಮೊದಲು ಒಂದೇ ಇದ್ದ ಗುಂಡು ಹೊಡೆಯುವ ಸಿಮ್ಯುಲೇಟರುಗಳನ್ನು 98ಕ್ಕೆ ಏರಿಸಲಾಗುತ್ತಿದೆ ಎಂದು 2021ರ ಜನವರಿಯ ಎನ್‌ಸಿಸಿ ಮೇಳದಲ್ಲಿ ಪ್ರಧಾನಿ ಹೇಳಿದ್ದರು.

ಈಗ ಹುಡುಗರ ಪ್ರಶ್ನೆಗೆ ಬರೋಣ. ಆಟಕ್ಕೂ ತರಬೇತಿಗೂ ನಂಟು ಇಲ್ಲವೆಂದು ನಾನು ಹೇಳಲಾರೆ. ‘ಡೂಮ್’ ಎಂಬ ಪ್ರಸಿದ್ಧ ಆಟವನ್ನು 1996ರಲ್ಲಿ ಅಮೆರಿಕದ ನೌಕಾ ಯೋಧರ ದಳ ಮಾರ್ಪಡಿಸಿಕೊಂಡದ್ದು ನಿಜ. ಆದರೆ ಅವರು ಅದರಿಂದ ಕಲಿಸಹೊರಟದ್ದು ನಾಲ್ಕು ಜನ ಒಂದಾಗಿ ಯೋಚಿಸುವುದನ್ನು. ಇನ್ನೊಂದು ಕಡೆ, 2002ರಲ್ಲಿ ಅಮೆರಿಕದ ಸೈನ್ಯವೇ ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ಪುಕ್ಕಟೆಯಾಗಿ ಹಂಚಿತು. ಅದರ ಉದ್ದೇಶ ಹುಡುಗರನ್ನು ಸೈನ್ಯದ ಕಡೆಗೆ ಸೆಳೆಯುವುದು. 2022ರಲ್ಲಿ ಅದು ಮುಚ್ಚಿತು. ಆಟ ಕೊಡುವವನ ಉದ್ದೇಶವೇನು ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಬೇಕಾದದ್ದು ಇದಕ್ಕೆ.

ಮೊಬೈಲಿನ ಆಟಕ್ಕೆ ನೀವು ಇನ್ನೂ ಸ್ವಲ್ಪ ಹೊತ್ತು ಕುಳಿತಿರಬೇಕು, ಅಷ್ಟೆ. ಅದಕ್ಕಾಗಿ ಅದು ಸತ್ಯವನ್ನು ಬೇಕಾದಂತೆ ಬಗ್ಗಿಸುತ್ತದೆ. ಎಷ್ಟೋ ಆಟಗಳಲ್ಲಿ ಗುಂಡು ಗೀಟು ಎಳೆದಂತೆ ನೇರ ಹೋಗುತ್ತದೆ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 300 ಮೀಟರ್ ದೂರ ಹೋಗುವಷ್ಟರಲ್ಲಿ ಗುರುತ್ವದಿಂದ ಸುಮಾರು 70 ಸೆಂಟಿಮೀಟರ್ ಕೆಳಗೆ ಇಳಿದಿರುತ್ತದೆ. ಗಾಳಿಯ ತಡೆ ಸೇರಿಸಿದರೆ ಇನ್ನೂ ಹೆಚ್ಚು. ತರಬೇತಿಯ ಯಂತ್ರ ಇದನ್ನೆಲ್ಲ ಲೆಕ್ಕ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಅಭ್ಯಾಸ ಮುಗಿದ ಮೇಲೆ ಇದೆ. ಬೋಧಕರು ನಡೆದದ್ದನ್ನು ಮತ್ತೆ ಪರದೆಯ ಮೇಲೆ ತಂದು, ‘ಇಲ್ಲಿ ಏಕೆ ಹೀಗೆ ಮಾಡಿದೆ?’ ಎಂದು ಕೇಳುತ್ತಾರೆ. ಎಲ್ಲರ ಎದುರು ಉತ್ತರ ಹೇಳಬೇಕು. ಆ ಪ್ರಶ್ನೆಯಿಲ್ಲದ ಸಿಮ್ಯುಲೇಟರ್ ಬರಿಯ ಆಟಿಕೆ.

ಎಷ್ಟೇ ಒಳ್ಳೆಯ ಯಂತ್ರವಾದರೂ ಅದರಲ್ಲಿ ಸತ್ತವನು ಗುಂಡಿ ಒತ್ತಿದರೆ ಎದ್ದು ಬರುತ್ತಾನೆ. ನಮ್ಮ ಮದ್ದೂರು ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ ಸಿಆರ್‌ಪಿಎಫ್‌ನ ನಲವತ್ತು ಯೋಧರಲ್ಲಿ ಗುಡಿಗೆರೆಯ ಎಚ್. ಗುರು ಒಬ್ಬರು. ಸೈನ್ಯಕ್ಕೆ ಸೇರುವ ಆಸೆ ಇರುವ ಹುಡುಗ, ಹುಡುಗಿ ಯಾರೇ ಆಗಲಿ, ಯುದ್ಧ ಎಂದರೆ ಏನು ಎಂಬುದನ್ನು ಮೊಬೈಲಿನ ಪರದೆಯಿಂದ ಕಲಿಯಬಾರದು. ಸೇವೆಯಿಂದ ನಿವೃತ್ತರಾಗಿ ಊರಿಗೆ ಬಂದ ಹಿರಿಯರ ಹತ್ತಿರ ಕುಳಿತು ಕೇಳಬೇಕು.

ಪೋಷಕರಿಗೆ ನನ್ನ ಸಲಹೆ ಇಷ್ಟೆ. ಮಗ ಆಟ ಆಡುತ್ತಿದ್ದರೆ ಬೈಯುವ ಮೊದಲು ಪಕ್ಕದಲ್ಲಿ ಕುಳಿತು, ‘ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು?’ ಎಂದು ಕೇಳಿ. ಉತ್ತರ ಹುಡುಕಲು ಅವನು ಹೊರಟರೆ ಭೌತಶಾಸ್ತ್ರದ ಪುಸ್ತಕ ತಾನಾಗಿ ತೆರೆಯುತ್ತದೆ. ಹುಡುಕದೆ ಆಡುತ್ತಲೇ ಇದ್ದರೆ ಮೊಬೈಲನ್ನು ನಿರ್ದಾಕ್ಷಿಣ್ಯವಾಗಿ ಎತ್ತಿಡಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪ್ರಯೋಗದ ರೆಕಾರ್ಡ್ ಪುಸ್ತಕದಲ್ಲಿ ಲೋಲಕದ ಆಂದೋಲನ ಎಣಿಸದೆ, ಪಕ್ಕದವನ ಅಂಕಿ ನೋಡಿ, ಉತ್ತರ 9.8 ಬರುವ ಹಾಗೆ ತುಂಬಿಸುವ ಅಭ್ಯಾಸ ಬಹಳ ಶಾಲೆಗಳಲ್ಲಿದೆ. ಅದರಿಂದ ಯಾರೂ ಸಾಯುವುದಿಲ್ಲ ನಿಜ. ಆದರೆ ನಿಮ್ಮಲ್ಲಿ ಯಾರೋ ಒಬ್ಬರು ನಾಳೆ ಗಾಳಿಸುರಂಗದ ಮುಂದೆ ನಿಂತು, ಮೀಟರು ನೋಡಿ ಅಂಕಿ ಬರೆಯುವವರು. ಆ ಅಂಕಿ ಸಿಮ್ಯುಲೇಟರಿಗೆ ಹೋಗುತ್ತದೆ. ಅದರ ಮುಂದೆ ಕುಳಿತು ಕಲಿತ ಒಬ್ಬ ತಾಯಿಯ ಮಗ, ಅದನ್ನು ನಂಬಿ, ನಿಜವಾದ ವಿಮಾನ ಏರುತ್ತಾನೆ. ಆದ್ದರಿಂದ ಲೋಲಕ ಕಟ್ಟಿ, ಇಪ್ಪತ್ತು ಆಂದೋಲನ ಎಣಿಸಿ, ಬಂದದ್ದನ್ನು ಬಂದ ಹಾಗೆ ಬರೆಯಿರಿ. 9.8ರ ಬದಲು 9.5 ಬಂದರೆ ಅದನ್ನೇ ಬರೆದು, ಏಕೆ ಹಾಗಾಯಿತೆಂದು ನಿಮ್ಮ ಮೇಷ್ಟ್ರನ್ನು ಕೇಳಿ.